ನಡ ಹಿಡಿದರೆ ಮಲಗು ಅಂದವರು ಯಾರು?

ಮೊದಲು ಒಂದು ದೃಶ್ಯ ನೆನಪು ಮಾಡ್ಕೊಳ್ಳಿ. 2018ರ ಸೆಪ್ಟೆಂಬರ್ 19, ದುಬೈ. ಏಷ್ಯಾ ಕಪ್‌ನಲ್ಲಿ ಭಾರತ–ಪಾಕಿಸ್ತಾನ ಪಂದ್ಯ. ಹಾರ್ದಿಕ್ ಪಾಂಡ್ಯ ತಮ್ಮ ಐದನೇ ಓವರ್ ಹಾಕ್ತಿದ್ದಾರೆ. ಚೆಂಡು ಎಸೆದ್ರು, ಸೊಂಟ ಹಿಡ್ಕೊಂಡ್ರು, ನೆಲಕ್ಕೆ ಕುಸಿದ್ರು. ಯಾರೂ ತಳ್ಳಿಲ್ಲ, ಚೆಂಡು ಬಡಿದಿಲ್ಲ. ಆದ್ರೂ ಎದ್ದು ನಿಲ್ಲೋಕೆ ಆಗ್ಲಿಲ್ಲ. ಸ್ಟ್ರೆಚರ್ ಮೇಲೆ ಹೊರಗೆ ಕರ್ಕೊಂಡು ಹೋದ್ರು. ಮರುವರ್ಷ ಅಕ್ಟೋಬರ್‌ನಲ್ಲಿ ಲಂಡನ್‌ನಲ್ಲಿ ಬೆನ್ನಿನ ಆಪರೇಷನ್ ಆಯ್ತು.

ಅದೇ ದೃಶ್ಯವನ್ನ ಈಗ ನಮ್ಮೂರಿಗೆ ತನ್ನಿ. ನಮ್ಮೂರು ಬಾದನಹಟ್ಟಿ, ಬಳ್ಳಾರಿ ಜಿಲ್ಲೆ ಕುರುಗೋಡು ಸೀಮೆ. ತುಂಗಭದ್ರಾ ಕಾಲುವೆ ನೀರು, ಭತ್ತ, ಮೆಣಸಿನಕಾಯಿ. ಕೊಯ್ಲಾದ ಗದ್ದೇಲಿ ಟೆನಿಸ್ ಬಾಲ್ ಕ್ರಿಕೆಟ್, ಸಂಜೆ ವಾಲಿಬಾಲ್, ಜಾತ್ರೆ ಬಂದ್ರೆ ಕಬಡ್ಡಿ. ಇಲ್ಲಿ ಒಬ್ಬ ಹುಡುಗ ರೈಡ್ ಮಾಡಿ ತಿರುಗೋವಾಗ ಸೊಂಟ ಹಿಡ್ಕೊಂಡು ಕೂತ್ರೆ ಸ್ಟ್ರೆಚರ್ ಎಲ್ಲಿಂದ ಬರ್ಬೇಕು? ಒಬ್ಬ ಬೈಕ್ ಓಡಿಸ್ತಾನೆ, ಒಬ್ಬ ಹಿಂದೆ ಕೂತು ಹಿಡ್ಕೊಳ್ತಾನೆ, ಪೆಟ್ಟಾದವನು ಇಬ್ಬರ ನಡುವೆ. ಮನೆ ಮುಟ್ಟಿದ ಕೂಡಲೇ ಅಜ್ಜಿದು ಒಂದೇ ಮಾತು: "ನಡ ಹಿಡ್ಕಂಡೈತೆ, ಅಲ್ಲಾಡಬ್ಯಾಡ, ಸುಮ್ನೆ ಮಕ್ಕೊ."

ನಡ ಅಂದ್ರೆ ಸೊಂಟ. ಮಕ್ಕೊ ಅಂದ್ರೆ ಮಲಗು. ಬೆಂಗಳೂರು, ಮೈಸೂರು ಕಡೆ ಕೇಳ್ತಿರೋರಿಗೆ ಇಷ್ಟು ಅನುವಾದ ಸಾಕು ಅನ್ಕೊಳ್ತೀನಿ.

ಆ ಹುಡುಗ ಮಲಗ್ತಾನೆ. ಎರಡು ದಿನ, ನಾಲ್ಕು ದಿನ, ಹದಿನೈದು ದಿನ. ಊರಿಗೆ ಹೋದಾಗೆಲ್ಲ ಹೀಗೆ ಮಂಚ ಹಿಡಿದ ಒಬ್ಬನಾದ್ರೂ ನನ್ನ ಕಣ್ಣಿಗೆ ಬೀಳ್ತಾನೆ. ಅಜ್ಜಿ ಮಾತ್ರ ಅಲ್ಲ, ಡಾಕ್ಟ್ರುಗಳೂ ನೂರು ವರ್ಷಕ್ಕಿಂತ ಹೆಚ್ಚು ಕಾಲ ಇದನ್ನೇ ಹೇಳಿದ್ರು. ಹಾಗಾದ್ರೆ ಮಲಗು ಅಂತ ಮೊದಲು ಅಂದವರು ಯಾರು? ಅದು ತಪ್ಪು ಅಂತ ಯಾವಾಗ ಗೊತ್ತಾಯ್ತು? ಯಾರಿಗೆ ಅದು ಈಗಲೂ ಸರಿ? ಇವತ್ತಿನ ಕಂತು ಪೂರ್ತಿ ಇದೇ.

ಸಿಕ್ಕಿರೋ ದಾಖಲೆಗಳಲ್ಲಿ ತುಂಬ ಹಳೇದು ಈಜಿಪ್ಟಿನದು. 1862ರಲ್ಲಿ ಎಡ್ವಿನ್ ಸ್ಮಿತ್ ಅನ್ನೋ ಅಮೆರಿಕದವರು ಲಕ್ಸರ್ ಊರಲ್ಲಿ ಒಂದು ಪಪೈರಸ್ ಸುರುಳಿ ಕೊಂಡ್ಕೊಂಡ್ರು. ಸುಮಾರು 3,600 ವರ್ಷ ಹಳೇದು. ಅದರಲ್ಲಿ 48 ಗಾಯಾಳುಗಳ ವಿವರ ಇದೆ. ತಲೆಯಿಂದ ಶುರುವಾಗಿ ಕೆಳಗಡೆ ಇಳೀತಾ ಬರುತ್ತೆ: ತಲೆಬುರುಡೆ, ಮೂಗು, ದವಡೆ, ಕತ್ತು, ಎದೆ. ಕೊನೇದು, 48ನೇದು, ಬೆನ್ನುಮೂಳೆಯ ಮಣಿ ಉಳುಕಿದವನ ಕಥೆ. ವೈದ್ಯ ಅವನಿಗೆ ಕಾಲು ಚಾಚು, ಮತ್ತೆ ಮಡಚು ಅಂತಾನೆ. ಅವನು ಚಾಚಿದ ಕೂಡಲೇ ನೋವಿಗೆ ಮಡಚಿಬಿಡ್ತಾನೆ. ಇವತ್ತು ಬಳ್ಳಾರಿ ದೊಡ್ಡಾಸ್ಪತ್ರೆಗೆ ಹೋದ್ರೂ ಡಾಕ್ಟ್ರು ನಿಮ್ಮನ್ನ ಮಲಗಿಸಿ ಕಾಲು ನೆಟ್ಟಗೆ ಎತ್ತಿ ನೋಡ್ತಾರಲ್ಲ, ಅದರ ಮುತ್ತಾತ ಇದು.

ಇದು ನಾನು ವಾಸಿ ಮಾಡಬಲ್ಲ ಕಾಯಿಲೆ ಅಂತ ಆ ವೈದ್ಯ ತೀರ್ಮಾನ ಮಾಡ್ತಾನೆ. ಆಮೇಲೆ ಚಿಕಿತ್ಸೆ. ಮೊದಲು ಅಂಗಾತ ಮಲಗಿಸಬೇಕು, ಆಮೇಲೆ ಅವನಿಗಾಗಿ ಇಂಥದ್ದು ಮಾಡಬೇಕು ಅಂತ ಶುರುವಾಗುತ್ತೆ. ಏನು ಮಾಡಬೇಕು? ಗೊತ್ತಿಲ್ಲ. ಸುರುಳಿ ಅಲ್ಲಿಗೇ ನಿಂತಿದೆ. ನಕಲು ಮಾಡ್ತಿದ್ದ ಬರಹಗಾರ ವಾಕ್ಯದ ನಡುವೆಯೇ ಲೇಖನಿ ಕೆಳಗಿಟ್ಟಿದ್ದಾನೆ. ಮಲಗಿಸು ಅನ್ನೋದು ಉಳೀತು, ಎಷ್ಟು ದಿನ ಅನ್ನೋದು ಹೋಯ್ತು. ನನಗಂತೂ ಇದು ವೈದ್ಯಕೀಯ ಇತಿಹಾಸದ ಅತಿ ದೊಡ್ಡ ಜೋಕ್ ಅನ್ಸುತ್ತೆ.

ನಮ್ಮ ದೇಶದ ಕಡೆ ಬಂದ್ರೆ ಆಯುರ್ವೇದ ಇದನ್ನ ವಾತದ ಲೆಕ್ಕಕ್ಕೆ ಹಾಕಿತು. ಚರಕ ಸಂಹಿತೆಯಲ್ಲಿ ಗೃಧ್ರಸಿ ಅನ್ನೋ ರೋಗ ಬರುತ್ತೆ. ನೋವು ಕುಂಡಿಯಿಂದ ಶುರುವಾಗಿ ಸೊಂಟ, ತೊಡೆ, ಮೊಣಕಾಲು, ಮೀನಖಂಡ ಹಾದು ಪಾದಕ್ಕೆ ಇಳೀತದೆ. ಇವತ್ತು ಸಯಾಟಿಕಾ ಅಂತೀವಲ್ಲ, ಅದೇ. ಗೃಧ್ರ ಅಂದ್ರೆ ರಣಹದ್ದು. ಕಾಲು ಎಳೆದು ನಡೆಯೋ ರೀತಿಯಿಂದ ಆ ಹೆಸರು ಬಂತು ಅಂತಾರೆ. ಹಳ್ಳಿಲಿ ಇವತ್ತಿಗೂ "ವಾಯು ಹಿಡಿದೈತೆ" ಅನ್ನೋ ಮಾತು ಓಡಾಡ್ತಿರೋದು ಅದೇ ದಾರಿಯಲ್ಲಿ ಬಂದದ್ದು. ಯುರೋಪಿನಲ್ಲೂ ಹೆಚ್ಚೂಕಡಿಮೆ ಇದೇ ಕಥೆ. ಅವರು ಲಂಬಾಗೊ ಅಂದ್ರು, ಸಂಧಿವಾತದ ಥರ ಏನೋ ಮೈಯಲ್ಲಿ ಹರಿದಾಡಿ ಸೊಂಟಕ್ಕೆ ಬಂದು ಕೂತಿದೆ ಅಂದ್ಕೊಂಡ್ರು. ಅಂದ್ರೆ ಬೆನ್ನುನೋವು ಬರುವ ಒಂದು ರೋಗ, ಆಗುವ ಗಾಯ ಅಲ್ಲ.

ಗರಡಿಮನೆಯವರ ಲೆಕ್ಕ ಬೇರೆ. ಅವರಿಗೆ ಉಳುಕು ದಿನದ ಮಾತು. ಕೆಮ್ಮಣ್ಣಿನ ಮಟ್ಟಿಯಲ್ಲಿ ಹುಡುಗ ಬಿದ್ದು ನಡ ಹಿಡ್ಕೊಂಡ್ರೆ ಉಸ್ತಾದ್ ಎಣ್ಣೆ ಹಚ್ಚಿ ತಿಕ್ಕೋರು, ಬಿಸಿ ಕಾವು ಕೊಡೋರು. ಗುಂಡುಕಲ್ಲು ಎತ್ತೋದು, ಚೀಲ ಎತ್ತೋದು, ಇದೆಲ್ಲ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಇವತ್ತಿಗೂ ಪಂದ್ಯ. ಅಲ್ಲೂ ನಡ ಹಿಡಿಯುತ್ತೆ. ಅದಕ್ಕೆ ಊರಲ್ಲಿ ಇನ್ನೊಂದು ಮದ್ದು ಇತ್ತು, ನಿಮ್ಮ ಮನೇಲೂ ಕೇಳಿರ್ತೀರಿ. ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಮೆಲ್ಲಗೆ ಒದ್ರೆ ಉಳುಕು ಬಿಡುತ್ತೆ ಅನ್ನೋದು. ಅಂಥವರು ಊರಿಗೆ ಒಬ್ಬರಾದ್ರೂ ಇರೋರು.

ನಗಬೇಡಿ, ಒಂದು ಕ್ಷಣ ಯೋಚಿಸಿ. ದಿಢೀರನೆ ಬಂದ ಸೊಂಟನೋವು ಬಹುಪಾಲು ಜನರಿಗೆ ಮೊದಲ ಕೆಲವು ವಾರಗಳಲ್ಲೇ ತಾನಾಗಿ ಇಳಿಯುತ್ತೆ. ನಾಲ್ಕನೇ ದಿನ ಒದೆಸಿಕೊಂಡವನಿಗೆ ಆರನೇ ದಿನ ಕಡಿಮೆ ಆದ್ರೆ ಹೆಸರು ಒದ್ದವರಿಗೆ. ಇದು ಒದೆಯೋರಿಗೆ ಮಾತ್ರ ಅನ್ವಯಿಸಲ್ಲ. ಮಾತ್ರೆ, ಮುಲಾಮು, ಬೆಲ್ಟು, ಇಂಜೆಕ್ಷನ್ನು, ಎಷ್ಟೋ ಚಿಕಿತ್ಸೆಗಳು ಹೆಸರು ಮಾಡಿದ್ದು ಹೀಗೇನೇ. ಇನ್ನೊಂದು ಮಾತು. ಒದೆಸಿಕೊಳ್ಳೋಕೆ ಅವನು ಎದ್ದು ಅವರ ಮನೆ ತನಕ ನಡೆದು ಹೋಗಬೇಕಿತ್ತು. ಆ ನಡಿಗೆಯನ್ನ ನೆನಪಲ್ಲಿ ಇಟ್ಕೊಳ್ಳಿ.

ಈಗ 19ನೇ ಶತಮಾನ. ಎರಡು ಸಂಗತಿ ಒಟ್ಟಿಗೆ ನಡೆದವು. ಒಂದು, ರೈಲು. ಇಂಗ್ಲೆಂಡಿನಲ್ಲಿ ರೈಲು ಅಪಘಾತದಲ್ಲಿ ಸಿಕ್ಕವರು, ಮೇಲೆ ಒಂದು ಗೀರೂ ಇಲ್ಲದವರು, ಬೆನ್ನುನೋವು ಅಂತ ಕೋರ್ಟಿಗೆ ಹೋಗೋಕೆ ಶುರುಮಾಡಿದ್ರು. 1866ರಲ್ಲಿ ಲಂಡನ್ನಿನ ಸರ್ಜನ್ ಜಾನ್ ಎರಿಕ್ ಎರಿಕ್ಸೆನ್ ಇದರ ಮೇಲೆ ಪುಸ್ತಕ ಬರೆದ್ರು. ಜನ ಅದಕ್ಕೆ ರೈಲ್ವೆ ಸ್ಪೈನ್ ಅಂದ್ರು. ಬೆನ್ನುನೋವು ಅಂದ್ರೆ ಒಳಗೆ ಏನೋ ಮುರಿದಿದೆ ಅನ್ನೋ ಕಲ್ಪನೆ ಬಲವಾಗಿದ್ದು ಈ ಕಾಲದಲ್ಲಿ.

ಇನ್ನೊಂದು, ವಿಶ್ರಾಂತಿ. ಲಂಡನ್ನಿನ ಜಾನ್ ಹಿಲ್ಟನ್ ಅನ್ನೋ ಸರ್ಜನ್ ನೋವು ಮತ್ತು ವಿಶ್ರಾಂತಿ ಬಗ್ಗೆ ಕೊಟ್ಟ ಉಪನ್ಯಾಸಗಳು 1863ರಲ್ಲಿ ಪುಸ್ತಕ ಆದವು. ಲಿವರ್‌ಪೂಲ್‌ನ ಹ್ಯೂ ಓವೆನ್ ಥಾಮಸ್ ಇನ್ನೂ ಒಂದು ಹೆಜ್ಜೆ ಮುಂದೆ. ವಿಶ್ರಾಂತಿ ಅಂದ್ರೆ ಕಟ್ಟುನಿಟ್ಟಾಗಿರಬೇಕು, ನಡುವೆ ತಪ್ಪಬಾರದು, ದೀರ್ಘವಾಗಿರಬೇಕು ಅನ್ನೋದು ಅವರ ವಾದ. ಮುರಿದ ಮೂಳೆಗೆ, ಮೂಳೆಯ ಕ್ಷಯಕ್ಕೆ ಅದು ಸರಿಯಾದ ಮಾತೇ. ಆ ಕಾಲದಲ್ಲಿ ಕ್ಷಯಕ್ಕೆ ಔಷಧಿ ಎಲ್ಲಿತ್ತು? ಆದ್ರೆ ಅದೇ ನಿಯಮ ಮುರಿಯದ ಬೆನ್ನಿಗೂ ಬಂದು ಅಂಟ್ಕೊಂಡಿತು. ಗಾಯ ಅಂದ್ರೆ ವಿಶ್ರಾಂತಿ, ಬೆನ್ನುನೋವು ಅಂದ್ರೆ ಗಾಯ, ಆದ್ದರಿಂದ ಬೆನ್ನುನೋವಿಗೆ ವಿಶ್ರಾಂತಿ. ಲೆಕ್ಕ ಸರಿ ಕಾಣುತ್ತೆ ಅಲ್ವಾ? ಯಾರೂ ಪರೀಕ್ಷೆ ಮಾಡಿ ನೋಡಿರ್ಲಿಲ್ಲ, ಅಷ್ಟೇ.

ಮುಂದಿನ ತಿರುವಿಗೆ ಕಾರಣ ಒಂದು ಆಟ. 1932ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಸ್ಕೀಯಿಂಗ್ ಮಾಡೋವಾಗ, ಅಂದ್ರೆ ಹಿಮದ ಮೇಲೆ ಜಾರೋ ಆಟದಲ್ಲಿ, ಬೆನ್ನಿಗೆ ಪೆಟ್ಟು ಮಾಡ್ಕೊಂಡ ಒಬ್ಬ ಯುವಕ ಮೂಳೆ ಡಾಕ್ಟ್ರು ಜೋಸೆಫ್ ಬಾರ್ ಹತ್ರ ಬಂದ. ನೋವು ಕಾಲಿಗೆ ಇಳಿದಿತ್ತು, ಬಿಡ್ತಾ ಇರ್ಲಿಲ್ಲ. ಮೆದುಳು ಮತ್ತು ನರಗಳ ಸರ್ಜನ್ ಜೇಸನ್ ಮಿಕ್ಸ್ಟರ್ ಆಪರೇಷನ್ ಮಾಡಿದ್ರು. ನರವನ್ನ ಒತ್ತುತ್ತಿದ್ದ ತುಣುಕು ಸಿಕ್ತು. ಅಲ್ಲೀತನಕ ಇಂಥ ತುಣುಕು ಸಿಕ್ಕರೆ ಗಡ್ಡೆ ಅಂತಲೇ ಬರೀತಿದ್ರು. ಇವರು ಹಳೇ ಮಾದರಿಗಳನ್ನೆಲ್ಲ ಮತ್ತೆ ತೆಗೆದು ನೋಡಿದ್ರು. ಗಡ್ಡೆ ಅಲ್ಲ, ಬೆನ್ನಿನ ಎರಡು ಮಣಿಗಳ ನಡುವೆ ಇರೋ ಡಿಸ್ಕ್ ಹರಿದು ಹೊರಬಂದ ಭಾಗ. 1934ರಲ್ಲಿ ಇದನ್ನ ಪ್ರಕಟಿಸಿದ್ರು.

ಇದು ನಿಜವಾಗ್ಲೂ ದೊಡ್ಡ ಶೋಧ. ಅದರ ನೆರಳೂ ಅಷ್ಟೇ ದೊಡ್ಡದಾಯ್ತು. ಇಲ್ಲಿಂದ ಮುಂದೆ ಸೊಂಟ ಹಿಡಿದ ಪ್ರತಿಯೊಬ್ಬನ ಡಿಸ್ಕ್ ಮೇಲೂ ಅನುಮಾನ. ಡಿಸ್ಕ್ ಜಾರಿದೆ ಅಂದ್ರೆ ಅದು ವಾಪಸ್ ಕೂರೋತನಕ ಅಲ್ಲಾಡಬಾರದು ಅಂತ ವಾರಗಟ್ಟಲೆ ಮಂಚ, ಸೊಂಟಕ್ಕೆ ಭಾರ ಕಟ್ಟಿ ಎಳೆಯೋದು. ನಮ್ಮ ಕಡೆ ಈ ಮಾತು ಹೇಗೆ ಬಂದಿದೆ ಗೊತ್ತಾ? "ಬೆನ್ನಾಗೆ ಗ್ಯಾಪ್ ಬಂದೈತಂತೆ." ಗ್ಯಾಪ್. ಈ ಒಂದು ಪದ ಎಷ್ಟು ಹುಡುಗರನ್ನ ಅಂಗಳದಿಂದ ಶಾಶ್ವತವಾಗಿ ಹೊರಗೆ ಹಾಕಿದೆಯೋ! ಬೆನ್ನೊಳಗೆ ಸಂದು ಬಿದ್ದಿದೆ, ಬಗ್ಗಿದ್ರೆ ಮುರಿಯುತ್ತೆ ಅನ್ನೋ ಚಿತ್ರ ಒಂದ್ಸಲ ತಲೇಲಿ ಕೂತ್ರೆ ಅವನು ಮತ್ತೆ ನೆಟ್ಟಗೆ ಬಗ್ಗೋದೇ ಇಲ್ಲ.

ಗ್ಯಾಪ್ ವಿಚಾರಕ್ಕೆ ಒಂದು ಲೆಕ್ಕ ಹೇಳ್ತೀನಿ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರನ್ನ ಎಂಆರ್‌ಐ ಮಾಡಿದ್ರು. ಆರಾಮಾಗಿ ಓಡಾಡ್ಕೊಂಡಿರೋರು. ಎಲ್ಲ ಡಿಸ್ಕ್‌ಗಳೂ ಸರಿ ಇದ್ದವರು ಶೇ 36 ಜನ ಮಾತ್ರ. ಶೇ 52 ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಆಮೇಲೆ ಬಂದ ಇನ್ನೂ ದೊಡ್ಡ ವಿಶ್ಲೇಷಣೆ ಒಂದರಲ್ಲಿ, ನೋವಿಲ್ಲದ 20 ವರ್ಷದವರಲ್ಲೇ ಶೇ 30ರಷ್ಟು ಜನಕ್ಕೆ ಉಬ್ಬಿದ ಡಿಸ್ಕ್ ಇರುತ್ತೆ ಅಂತ ಬಂತು. ಅಂದ್ರೆ ನಿಮ್ಮ ಕಬಡ್ಡಿ ಟೀಮಿನ ಏಳೂ ಜನರನ್ನ, ಯಾರಿಗೂ ನೋವಿಲ್ಲದಾಗಲೇ, ಸ್ಕ್ಯಾನ್ ಮಾಡಿಸಿದ್ರೂ ಇಬ್ಬರ ರಿಪೋರ್ಟ್‌ನಲ್ಲಿ ಭಯ ಹುಟ್ಟಿಸೋ ಪದ ಇರಬಹುದು. ಸ್ಕ್ಯಾನ್ ಸುಳ್ಳು ಹೇಳ್ತಿಲ್ಲ. ಅದು ಕಂಡಿದ್ದನ್ನ ಹೇಳುತ್ತೆ. ನೋವು ಅಲ್ಲಿಂದಲೇ ಬಂತಾ ಅನ್ನೋದನ್ನ ನಿಮ್ಮ ಮೈ ಮುಟ್ಟಿ, ಕಾಲೆತ್ತಿ ನೋಡಿದ ಡಾಕ್ಟ್ರು ಹೇಳ್ಬೇಕು.

ಮಂಚದ ಮೇಲೆ ಮೊದಲು ಅನುಮಾನ ಎತ್ತಿದವರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಶರ್ ಒಬ್ಬರು. 1947ರಲ್ಲಿ ಹಾಸಿಗೆ ಹಿಡಿಯೋದರ ಅಪಾಯಗಳ ಬಗ್ಗೆ ಒಂದು ಲೇಖನ ಬರೆದ್ರು. ರಕ್ತ ಹೆಪ್ಪುಗಟ್ಟುತ್ತೆ, ಸ್ನಾಯು ಕರಗುತ್ತೆ, ಮನಸ್ಸು ಕುಗ್ಗುತ್ತೆ ಅಂತ. ಬೀಟಲ್ಸ್ ಕೇಳೋರಿಗೆ ಒಂದು ವಿಷಯ: ಪಾಲ್ ಮೆಕಾರ್ಟ್ನಿ ಒಂದು ಕಾಲದಲ್ಲಿ ಪ್ರೀತಿಸ್ತಿದ್ದ ನಟಿ ಜೇನ್ ಆಶರ್ ಇವರ ಮಗಳು. ಆದ್ರೆ ಆಶರ್ ಅವರದು ಎಚ್ಚರಿಕೆ ಮಾತ್ರ, ಬೆನ್ನಿನ ಮೇಲೆ ಮಾಡಿದ ಪರೀಕ್ಷೆ ಅಲ್ಲ. ಪರೀಕ್ಷೆಗೆ ಇನ್ನೂ 40 ವರ್ಷ ಕಾಯಬೇಕಾಯ್ತು.

1986. ಅಮೆರಿಕದ ಟೆಕ್ಸಸ್‌ನಲ್ಲಿ ರಿಚರ್ಡ್ ಡೆಯೊ ಮತ್ತು ಅವರ ಜೊತೆಗಾರರು 203 ಬೆನ್ನುನೋವಿನ ರೋಗಿಗಳನ್ನ ತಗೊಂಡ್ರು. ಕಾಲಿನ ಶಕ್ತಿಗೆ ಹೇಳಿಕೊಳ್ಳುವಂಥ ತೊಂದರೆ ಇಲ್ಲದವರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ 2 ದಿನ ಮಲಗಿ ಅಂದ್ರು, ಇನ್ನೊಂದಕ್ಕೆ 7 ದಿನ. ನೋವು ಇಳಿಯೋದರಲ್ಲಿ ವ್ಯತ್ಯಾಸ ಕಾಣ್ಲಿಲ್ಲ. ಆದ್ರೆ 2 ದಿನದವರು ಕೆಲಸ ತಪ್ಪಿಸಿಕೊಂಡ ದಿನಗಳು ಶೇ 45ರಷ್ಟು ಕಡಿಮೆ. ಐದು ದಿನದ ಹೆಚ್ಚುವರಿ ಮಲಗುವಿಕೆಯಿಂದ ಸಿಕ್ಕ ಲಾಭ ಸೊನ್ನೆ. ಇದಾದ ಮರುವರ್ಷವೇ ಸ್ಕಾಟ್ಲೆಂಡಿನ ಸರ್ಜನ್ ಗಾರ್ಡನ್ ವಾಡೆಲ್, ಬೆನ್ನುನೋವಿನವರನ್ನ ಕೆಲಸಕ್ಕೆ ಬಾರದವರನ್ನಾಗಿ ಮಾಡ್ತಿರೋದರಲ್ಲಿ ನಮ್ಮ ವಿಶ್ರಾಂತಿ ಚಿಕಿತ್ಸೆಯದೂ ಪಾಲಿದೆ ಅಂತ ಸರ್ಜನ್‌ಗಳ ಪತ್ರಿಕೆಯಲ್ಲೇ ವಾದಿಸಿದ್ರು. ತಮ್ಮವರ ಎದುರೇ ಹೀಗೆ ಹೇಳೋಕೆ ಧೈರ್ಯ ಬೇಕು.

ನನಗೆ ತುಂಬ ಇಷ್ಟವಾದ ಪರೀಕ್ಷೆ 1995ರದು, ಫಿನ್ಲೆಂಡಿನ ಹೆಲ್ಸಿಂಕಿ. ಅಲ್ಲಿನ ನಗರಸಭೆಯ 186 ನೌಕರರು, ಎಲ್ಲರಿಗೂ ದಿಢೀರ್ ಸೊಂಟನೋವು. ಮೂರು ಗುಂಪು. ಮೊದಲನೇದಕ್ಕೆ ಎರಡು ದಿನ ಪೂರ್ತಿ ಹಾಸಿಗೆ. ಎರಡನೇದಕ್ಕೆ ಬೆನ್ನಿನ ವ್ಯಾಯಾಮ. ಮೂರನೇದಕ್ಕೆ ಏನೂ ಇಲ್ಲ, ನೋವು ತಡೆಯೋ ಮಟ್ಟಿಗೆ ನಿಮ್ಮ ದಿನದ ಕೆಲಸ ಮಾಡ್ಕೊಂಡಿರಿ ಅಂದ್ರು. ಯಾರು ಬೇಗ ಸುಧಾರಿಸಿದ್ರು? ಮೂರನೇ ಗುಂಪು. ಮಲಗಿದವರು ಎಲ್ಲರಿಗಿಂತ ಹಿಂದೆ. ಇಲ್ಲಿ ಗಮನಿಸಬೇಕಾದ್ದು, ವ್ಯಾಯಾಮದವರೂ ಹಿಂದೇನೇ. ಯೂಟ್ಯೂಬ್ ನೋಡಿ ಮೊದಲನೇ ದಿನವೇ ಹತ್ತು ಆಸನ ಹಾಕೋರು ಇದನ್ನ ಇನ್ನೊಂದ್ಸಲ ಕೇಳಿ. ವ್ಯಾಯಾಮಕ್ಕೆ ಕಾಲ ಬರುತ್ತೆ, ನೋವು ಇಳಿದ ಮೇಲೆ, ಮತ್ತೆ ಬರದ ಹಾಗೆ ಮಾಡೋಕೆ. ಉರಿಯೋ ದಿನ ಬೇಕಾಗಿರೋದು ಮೆಲ್ಲಗೆ ಓಡಾಟ, ಬಿಸಿನೀರ ಕಾವು, ಬೇಕಾದ್ರೆ ಡಾಕ್ಟ್ರು ಬರೆದ ಮಾತ್ರೆ. ಒದೆಸಿಕೊಳ್ಳೋಕೆ ಅಂತ ಹೋಗ್ತಿದ್ದನಲ್ಲ, ಆ ನಡಿಗೆ.

ಡಿಸ್ಕ್ ನಿಜವಾಗಿ ನರ ಒತ್ತುತ್ತಿದ್ರೆ? ಕಾಲು ಪೂರ್ತಿ ಸೆಳೀತಿದ್ರೆ? ಅದಕ್ಕೂ ಒಂದು ಪರೀಕ್ಷೆ ಇದೆ. 2007ರಲ್ಲಿ ನೆದರ್ಲೆಂಡಿನಲ್ಲಿ 283 ಜನರ ಮೇಲೆ ನಡೆದಿದ್ದು. ಬೇಗ ಆಪರೇಷನ್ ಆದವರಿಗೆ ಕಾಲುನೋವು ಬೇಗ ಇಳೀತು. ಆದ್ರೆ ಒಂದು ವರ್ಷ ಕಳೆದು ನೋಡಿದ್ರೆ, ಕಾದು ನೋಡಿದ ಗುಂಪಿನವರೂ ಅಷ್ಟೇ ಗುಣ ಆಗಿದ್ರು. ಕಾದವರಲ್ಲಿ ಕೆಲವರಿಗೆ ಆಮೇಲೆ ಆಪರೇಷನ್ ಬೇಕಾಯ್ತು, ಬಹುಪಾಲು ಜನಕ್ಕೆ ಬೇಕಾಗಲಿಲ್ಲ. ಹೊರಬಂದ ಡಿಸ್ಕ್ ತುಣುಕನ್ನ ಎಷ್ಟೋ ಸಲ ದೇಹವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತೆ.

ಇಲ್ಲೀತನಕ ಕೇಳಿದವರು, "ಸರಿ ಅಣ್ಣ, ಹಾಗಾದ್ರೆ ನೋವಿದ್ರೂ ನಾಳೆ ಮ್ಯಾಚ್ ಆಡ್ತೀನಿ" ಅಂತ ಎದ್ದುಬಿಟ್ಟೀರಿ. ಕೂತ್ಕೊಳ್ಳಿ. ಕಥೆಯ ಇನ್ನರ್ಧ ಇಲ್ಲಿದೆ, ಅದು ವೇಗದ ಬೌಲರ್‌ಗಳದು.

1973. ಆಸ್ಟ್ರೇಲಿಯಾದ ಡೆನಿಸ್ ಲಿಲ್ಲಿ ವೆಸ್ಟ್ ಇಂಡೀಸ್ ಪ್ರವಾಸದಲ್ಲಿ ಬೌಲ್ ಮಾಡೋಕಾಗದೆ ನಿಂತ್ರು. ಆಗ ಅವರಿಗೆ 23 ವರ್ಷ, ಜಗತ್ತಿನ ಅತಿ ವೇಗದ ಬೌಲರ್‌ಗಳಲ್ಲಿ ಒಬ್ಬರು. ನೋಡಿದ್ರೆ ಬೆನ್ನಿನ ಕೆಳಮಣಿಗಳಲ್ಲಿ ಸ್ಟ್ರೆಸ್ ಫ್ರಾಕ್ಚರ್. ಒಂದೇ ಪೆಟ್ಟಿಗೆ ಮುರಿದಿದ್ದಲ್ಲ. ಬೌಲರ್ ಮುಂಗಾಲು ಊರಿದಾಗ ಮೈಯ ಹಲವು ಪಟ್ಟು ಭಾರ ಬೆನ್ನಿಗೆ ಬರುತ್ತೆ, ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೂ ಬಾಗುತ್ತೆ, ಪಕ್ಕಕ್ಕೂ ತಿರುಚುತ್ತೆ. ಸಾವಿರಾರು ಸಲ ಹೀಗಾದ್ರೆ, ತಂತಿಯನ್ನ ಹಿಂದೆಮುಂದೆ ಬಗ್ಗಿಸಿದ ಹಾಗೆ, ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟುತ್ತೆ. ಹೊರಗಿನವರಿಗೆ ಅದು ದಿಢೀರ್ ಅನ್ಸುತ್ತೆ. ಒಳಗೆ ತಿಂಗಳುಗಟ್ಟಲೆ ನಡೆದಿರುತ್ತೆ.

ಲಿಲ್ಲಿ ಕಥೆ ಮುಗೀತು ಅಂದ್ರು ಜನ. ಅವರ ಮುಂಡಕ್ಕೆ ವಾರಗಟ್ಟಲೆ ಪ್ಲಾಸ್ಟರ್ ಹಾಕಿದ್ರು. ಆಮೇಲೆ ಪರ್ತ್‌ನ ವಿಶ್ವವಿದ್ಯಾಲಯದಲ್ಲಿ ಫ್ರ್ಯಾಂಕ್ ಪೈಕ್ ಅನ್ನೋ ದೈಹಿಕ ಶಿಕ್ಷಣ ತಜ್ಞರು ಅವರನ್ನ ಕೈಗೆ ತಗೊಂಡ್ರು. ಮೊದಲು ಮೂಳೆ ಕೂಡೋಕೆ ಬಿಟ್ರು. ಆಮೇಲೆ ಮೈ ಕಟ್ಟಿದ್ರು. ಕೊನೆಗೆ ಬೌಲಿಂಗ್ ಶೈಲಿಯನ್ನೇ ತಿದ್ದಿದ್ರು. 1974–75ರ ಆ್ಯಷಸ್ ಸರಣಿಗೆ ವಾಪಸ್ ಬಂದ ಲಿಲ್ಲಿ 25 ವಿಕೆಟ್ ಕಿತ್ರು. ನಿವೃತ್ತಿ ಹೊತ್ತಿಗೆ 355 ಟೆಸ್ಟ್ ವಿಕೆಟ್, ಆಗಿನ ವಿಶ್ವದಾಖಲೆ. ಅವರೇ 1987ರಿಂದ ಚೆನ್ನೈನ ಎಂಆರ್‌ಎಫ್ ಪೇಸ್ ಫೌಂಡೇಶನ್‌ನಲ್ಲಿ ಭಾರತದ ಹುಡುಗರಿಗೆ ಬೌಲಿಂಗ್ ಕಲಿಸಿದ್ರು. ಬೆನ್ನು ಮುರ್ಕೊಂಡ ಅನುಭವ ಹೀಗೆ ನಮ್ಮ ಕಡೆಗೂ ಬಂತು.

1989ರಲ್ಲಿ ಆಸ್ಟ್ರೇಲಿಯಾದಲ್ಲಿ 82 ಹದಿಹರೆಯದ ವೇಗದ ಬೌಲರ್‌ಗಳ ಒಂದು ಅಧ್ಯಯನ ಬಂತು. ಸರಾಸರಿ ವಯಸ್ಸು 17ರ ಹತ್ತಿರ. ಒಂದೇ ಸೀಸನ್‌ನಲ್ಲಿ ಶೇ 11 ಹುಡುಗರಿಗೆ ಬೆನ್ನಿನ ಮಣಿಯಲ್ಲಿ ಬಿರುಕು. ಭುಜವನ್ನ ಅತಿಯಾಗಿ ತಿರುಚಿ ಎಸೆಯೋರು ಮತ್ತು ಅತಿಯಾಗಿ ಬೌಲ್ ಮಾಡೋರು ಹೆಚ್ಚು ಸಿಕ್ಕಿಬಿದ್ರು. ಇದರ ನಂತರವೇ ಆಸ್ಟ್ರೇಲಿಯಾ, ಇಂಗ್ಲೆಂಡ್‌ಗಳಲ್ಲಿ ವಯಸ್ಸಿಗೆ ತಕ್ಕ ಹಾಗೆ ಓವರ್ ಮಿತಿ ಬಂದಿದ್ದು. ನಮ್ಮ ಗದ್ದೆ ಟೂರ್ನಮೆಂಟುಗಳಲ್ಲಿ? ಊರಿಗೆ ಒಬ್ಬ ಫಾಸ್ಟ್ ಬೌಲರ್, ಭಾನುವಾರ ಮೂರು ಮ್ಯಾಚ್, ಮೂರರಲ್ಲೂ ಅವನೇ ಮೊದಲ ಓವರ್, ಅವನೇ ಕೊನೇ ಓವರ್. ಬಿಸಿಲಿಗೆ ಒಣಗಿ ಕಲ್ಲಾದ ಎರೆಮಣ್ಣು, ಕಾಲಲ್ಲಿ ಚಪ್ಪಟೆ ಕ್ಯಾನ್ವಾಸ್ ಶೂ. ಅವನಿಗೆ 16 ವರ್ಷ.

ಕರ್ನಾಟಕದ ಪ್ರಸಿದ್ಧ್ ಕೃಷ್ಣ ಇದೇ ದಾರೀಲಿ ಹೋಗಿ ಬಂದವರು. ಸೊಂಟದ ಮಣಿಯಲ್ಲಿ ಸ್ಟ್ರೆಸ್ ಫ್ರಾಕ್ಚರ್, 2023ರ ಐಪಿಎಲ್ ಪೂರ್ತಿ ಹೊರಗೆ. ಜಸ್‌ಪ್ರೀತ್ ಬೂಮ್ರಾ ಕೂಡ ಅದೇ ಹೊತ್ತಿಗೆ ಬೆನ್ನಿನ ಆಪರೇಷನ್ ಮಾಡಿಸ್ಕೊಂಡಿದ್ರು. ಇಬ್ಬರೂ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಚೇತರಿಸಿಕೊಂಡು, 2023ರ ಆಗಸ್ಟ್ 18ರಂದು ಐರ್ಲೆಂಡ್ ವಿರುದ್ಧ ಒಂದೇ ಪಂದ್ಯದಲ್ಲಿ ವಾಪಸ್ ಬಂದ್ರು. ಬೂಮ್ರಾ ನಾಯಕ, ಪ್ರಸಿದ್ಧ್‌ಗೆ ಮೊದಲ ಟಿ20 ಅಂತರರಾಷ್ಟ್ರೀಯ ಪಂದ್ಯ. ತಲಾ 2 ವಿಕೆಟ್. 2025ರ ಐಪಿಎಲ್‌ನಲ್ಲಿ ಪ್ರಸಿದ್ಧ್ 25 ವಿಕೆಟ್ ತಗೊಂಡು ಪರ್ಪಲ್ ಕ್ಯಾಪ್ ಹಾಕಿದ್ರು. ಅವರು ಮಂಚದ ಮೇಲೆ ಮಲಗಿದ್ದಕ್ಕೆ ಇದಾಗ್ಲಿಲ್ಲ, ನೋವು ನುಂಗಿ ಆಡಿದ್ದಕ್ಕೂ ಅಲ್ಲ. ಬೌಲಿಂಗ್ ನಿಲ್ಲಿಸಿದ್ರು, ನಡಿಗೆ ನಿಲ್ಲಿಸ್ಲಿಲ್ಲ. ಮೂಳೆ ಕೂಡೋಕೆ ಬೇಕಾದಷ್ಟು ತಿಂಗಳು ಕೊಟ್ರು, ಆಮೇಲೆ ಒಂದೊಂದೇ ಮೆಟ್ಟಿಲು.

ನೋವು ನುಂಗಿ ಆಡೋದನ್ನ ನಾವು ಶೌರ್ಯ ಅಂತ ಹಾಡ್ತೀವಿ. 1999ರ ಜನವರಿ 31, ಚೆನ್ನೈ ಟೆಸ್ಟ್. ಪಾಕಿಸ್ತಾನದ ವಿರುದ್ಧ 271 ಬೇಕು. ಬೆನ್ನು ಹಿಡಿದು ಒದ್ದಾಡ್ತಾ ಸಚಿನ್ 136 ಹೊಡೆದ್ರು. ಇನ್ನು 17 ರನ್ ಬಾಕಿ ಇರೋವಾಗ, ನೋವು ತಡೆಯೋಕಾಗದೆ ಬೇಗ ಮುಗಿಸೋಣ ಅಂತ ಎತ್ತಿ ಹೊಡೆದು ಔಟಾದ್ರು. ಉಳಿದವರು ನಮ್ಮವರೇ, ಗದಗಿನ ಸುನಿಲ್ ಜೋಶಿ, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್. ನಾಲ್ಕೇ ರನ್ನಿಗೆ ಮೂರೂ ವಿಕೆಟ್ ಬಿತ್ತು, 12 ರನ್ನಿಂದ ಸೋಲು. ನಮ್ಮಪ್ಪ ಇದನ್ನ ಹೇಳೋವಾಗ ಇವತ್ತಿಗೂ ದನಿ ಇಳಿಸ್ತಾರೆ. ಅದು ಟೆಸ್ಟ್ ಪಂದ್ಯ, ಅವರಿಗೆ ಪಕ್ಕದಲ್ಲೇ ಫಿಸಿಯೊ ಇದ್ರು. ಪಂಚಾಯ್ತಿ ಕಪ್‌ಗೆ ಆ ಶೌರ್ಯ ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಾಗಾದ್ರೆ ಇದು ಯಾವ ಥರದ ನೋವು ಅಂತ ಗೊತ್ತಾಗೋದು ಹೇಗೆ? ಸಾಮಾನ್ಯ ಉಳುಕು ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪ ಸಡಿಲ ಆಗುತ್ತೆ. ನೀವು 20ರ ಒಳಗಿನವರು, ಬೌಲ್ ಮಾಡ್ತೀರಿ ಅಥವಾ ಜಿಗಿಯೋ ಆಟ ಆಡ್ತೀರಿ, ಸೊಂಟದ ಒಂದೇ ಪಕ್ಕ ನೋವು, ಹಿಂದಕ್ಕೆ ಬಾಗಿದ್ರೆ ಚುಚ್ಚುತ್ತೆ, ಎರಡು ಮೂರು ವಾರ ಆದ್ರೂ ಆಡಿದಾಗೆಲ್ಲ ವಾಪಸ್ ಬರುತ್ತೆ ಅಂದ್ರೆ ಆಟ ನಿಲ್ಲಿಸಿ ಮೂಳೆ ಡಾಕ್ಟ್ರನ್ನ ನೋಡಿ. ಅದನ್ನ ಯಾರಿಂದಲೂ ತಿಕ್ಕಿಸೋಕೆ, ಲಟಕ್ ಅನ್ನಿಸೋಕೆ ಹೋಗಬೇಡಿ. ಇನ್ನೊಂದು ಥರ ಇದೆ, ಅಪರೂಪ, ಆದ್ರೆ ಗಂಟೆಗಳ ಲೆಕ್ಕ. ಮೂತ್ರ ಕಟ್ಟುತ್ತೆ ಅಥವಾ ಹಿಡಿತ ತಪ್ಪುತ್ತೆ, ಸೈಕಲ್ ಸೀಟು ತಾಗೋ ಜಾಗ ಮರಗಟ್ಟುತ್ತೆ, ಕಾಲಿನ ಶಕ್ತಿ ಹೋಗುತ್ತೆ. ಆಗ ಬೆಳಗಾಗಲಿ ಅಂತ ಕಾಯಬಾರದು, ರಾತ್ರೋರಾತ್ರಿ ಬಳ್ಳಾರಿ. ಈ ಲಕ್ಷಣ ಹೇಳೋಕೆ ನಮ್ಮ ಹುಡುಗರು, ಅದರಲ್ಲೂ ಹುಡುಗಿಯರು ನಾಚಿಕೊಳ್ತಾರೆ. ಆ ನಾಚಿಕೆಗೆ ತೆರೋ ಬೆಲೆ ಜೀವನಪೂರ್ತಿ ಇರುತ್ತೆ. ಎತ್ತರದಿಂದ ಬಿದ್ದಿದ್ರೆ, ನೋವಿನ ಜೊತೆ ಜ್ವರ ಇದ್ರೆ, ಅದಕ್ಕೂ ತಡ ಬೇಡ.

ನಮ್ಮದೇ ಜಿಲ್ಲೆಯ ತೋರಣಗಲ್ಲಿನಲ್ಲಿ, ವಿಜಯನಗರ ಟೌನ್‌ಶಿಪ್‌ನಲ್ಲಿ, 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ನೀರಜ್ ಚೋಪ್ರಾ ಅಲ್ಲಿ ತರಬೇತಿ ಮಾಡಿದವರು. ಒಲಿಂಪಿಕ್ಸ್‌ಗೆ ಹೋಗೋ ಕುಸ್ತಿ, ಬಾಕ್ಸಿಂಗ್, ಜೂಡೊ ಹುಡುಗರಿಗೆ ಅಲ್ಲಿ ಫಿಸಿಯೊ, ಕ್ರೀಡಾ ವಿಜ್ಞಾನ ಎಲ್ಲ ಒಂದೇ ಸೂರಿನಡಿ. ಬಾದನಹಟ್ಟಿಯ ಕಬಡ್ಡಿ ಹುಡುಗನಿಗೂ ಆ ಸೂರಿಗೂ ದೂರ ಕಿಲೋಮೀಟರ್ ಲೆಕ್ಕದಲ್ಲಿ ಹೆಚ್ಚಿಲ್ಲ.

ಇನ್ನೊಂದು ದೂರ ಇದೆ. ಸಂಜೆ ಕಬಡ್ಡಿ ಆಡೋ ಹುಡುಗ ಬೆಳಗ್ಗೆ ಏನು ಮಾಡ್ತಾನೆ? ಸುಗ್ಗಿ ಟೈಮಲ್ಲಿ ಲಾರಿಗೆ ಭತ್ತದ ಚೀಲ ಹೇರ್ತಾನೆ. ನಮ್ಮ ಕಡೆ ಭತ್ತದ ಲೆಕ್ಕವೇ 75 ಕೆ.ಜಿ. ಚೀಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ವಯಸ್ಕ ಗಂಡಸೊಬ್ಬ ಹೊರೋ ಭಾರ 55 ಕೆ.ಜಿ. ಮೀರಬಾರದು ಅಂತ ಶಿಫಾರಸು ಮಾಡಿದೆ. 20 ಕೆ.ಜಿ. ವ್ಯತ್ಯಾಸ. ಮೇಲೆ ಹೇಳಿದ ಹೆಲ್ಸಿಂಕಿ ಪರೀಕ್ಷೆಯ "ನಿಮ್ಮ ದಿನದ ಕೆಲಸ ಮಾಡ್ಕೊಂಡಿರಿ" ಅನ್ನೋ ಸಲಹೆ ಇಲ್ಲಿ ಬಂದು ಎಡವುತ್ತೆ. ನಗರಸಭೆ ನೌಕರನ ದಿನದ ಕೆಲಸ ಬೇರೆ, ಹಮಾಲಿಯದು ಬೇರೆ. ಅವನಿಗೆ ಸಿಗೋದು ಎರಡೇ ಆಯ್ಕೆ, ಒಂದೋ ಮಂಚ, ಇಲ್ಲ ಚೀಲ. ನಡುವೆ ಇರೋ ಹಗುರ ಕೆಲಸ ಅನ್ನೋದನ್ನ ಯಾರೂ ಕೊಡಲ್ಲ, ಕೂಲಿ ಲೆಕ್ಕ ಚೀಲದ ಮೇಲೆ.

ಇದಕ್ಕೆ ಊರಲ್ಲೇ ಒಂದು ಹಳೇ ಪದ್ಧತಿ ನೋಡಿದ್ದೀನಿ. ಹಮಾಲಿ ಗುಂಪಿನಲ್ಲಿ ಒಬ್ಬನ ನಡ ಹಿಡಿದ್ರೆ ಅವನನ್ನ ಚೀಲ ಹೊಲಿಯೋಕೆ, ಲೆಕ್ಕ ಬರೆಯೋಕೆ ಕೂರಿಸ್ತಾರೆ. ಅವನು ಕೂತಿರ್ತಾನೆ, ಏಳ್ತಾನೆ, ನಾಲ್ಕು ಹೆಜ್ಜೆ ಓಡಾಡ್ತಾನೆ. ದಿನದ ಕೂಲಿಯಲ್ಲಿ ಪಾಲು ಕೊಡ್ತಾರೆ, ಪೂರ್ತಿ ಅಲ್ಲದಿದ್ರೂ ಸ್ವಲ್ಪ. "ಮನ್ಯಾಗೆ ಮಕ್ಕಂಡ್ರೆ ಕೊಳೆತು ಹೋಗ್ತಾನ, ಇಲ್ಲೇ ಇರ್ಲಿ" ಅಂದಿದ್ರು ಒಬ್ಬ ತಾತ. ಡೆಯೊ ಅವರ ಹೆಸರು ಆ ತಾತನಿಗೆ ಗೊತ್ತಿರೋಕೆ ಸಾಧ್ಯವಿಲ್ಲ.

ಮುಂದಿನ ಕಂತು ಮೊಣಕಾಲಿನ ಬಗ್ಗೆ, ಎಸಿಎಲ್ ಹರಿಯೋದರ ಇತಿಹಾಸ. ಕಬಡ್ಡಿ, ಫುಟ್‌ಬಾಲ್ ಆಡೋರು ತಪ್ಪದೆ ಕೇಳಿ. ಇಷ್ಟು ಹೊತ್ತು ಒಂದೇ ಕಡೆ ಕೂತು ಕೇಳಿದ್ರೆ ಈಗ ಎದ್ದು ಒಂದು ಸುತ್ತು ಹಾಕಿ ಬನ್ನಿ.